ತಲೆಯ ಮೇಲೊಂದು ಮಳೆಗಾಲ

ಕರಾವಳಿಯಲ್ಲಿ ನಕ್ಷತ್ರ ಎಂದರೆ ಮಳೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ ಎಂದೊಡನೆ ಗದ್ದೆಯ ನೆಟ್ಟಿಯೋ ಅಡಿಕೆಯ ಕೊಳೆರೋಗವೋ ನೆನಪಾಗುತ್ತದೆಯೇ ಹೊರತು ಯಾರೂ ಕತ್ತೆತ್ತಿ ಮೇಲೆ ನೋಡುವುದಿಲ್ಲ. ನೋಡಿದರೂ ಕಾಣುವುದಿಲ್ಲ. ಮೋಡದ್ದೊಂದೇ ತಪ್ಪಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಅದೇ ಆ ಹೊತ್ತಿನ ಮಳೆ. ಒಂದೊಂದರಲ್ಲಿ ಅವನ ಬಿಡಾರ ಹದಿಮೂರು ಹದಿನಾಲ್ಕು ದಿನ. ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುವ ಚುಕ್ಕಿ ಯಾರ ಕಣ್ಣಿಗೆ ಬಿದ್ದೀತು? ಪಂಚಾಂಗ ತೆರೆದು, ಆರಿದ್ರೆ ಮಳೆ ಈ ವರ್ಷ ಕೈಕೊಟ್ಟಿತು ಎಂದು ಬೈಯುವಾಗ ನಾವು ಬೈಯುತ್ತಿರುವುದು ಹಗಲಿನ ಬೆಳಕಿನಲ್ಲಿ ಅಡಗಿ ಕೂತ ನಕ್ಷತ್ರವನ್ನು.

ಹಾಗಾಗಿ ಮಳೆಗಾಲವನ್ನು ಕಣ್ಣಾರೆ ಕಾಣಬೇಕೆಂದರೆ ಜನವರಿಯ ಕೊನೆಗೆ, ಅಮಾವಾಸ್ಯೆಯ ಆಸುಪಾಸಿನಲ್ಲಿ, ಕಡಲತೀರಕ್ಕೆ ಹೋಗಬೇಕು. ನಾನು ಹೋಗುವುದು ಕುಮಟಾ ತಾಲ್ಲೂಕಿನ ಬಾಡದ ಕಡೆಗೆ. ಕತ್ತಲೆ ಹುಡುಕಿಕೊಂಡು ಲಡಾಖಿನ ಹಾನ್ಲೆಗೆ ಹೋಗುವವರಿದ್ದಾರೆ. 2022ರಲ್ಲಿ ಅಲ್ಲಿನ ಕತ್ತಲನ್ನೇ ಕಾಪಾಡಲೆಂದು ಮೀಸಲು ಪ್ರದೇಶ ಘೋಷಿಸಿದರು. ಆದರೆ ಅಲ್ಲಿನ ದೂರದರ್ಶಕವನ್ನು ನಡೆಸುವ ವಿಜ್ಞಾನಿಗಳು ಕೂತಿರುವುದು ನಮ್ಮ ಹೊಸಕೋಟೆಯಲ್ಲಿ, ಬೆಂಗಳೂರಿನ ಬೆಳಕಿನ ಮಗ್ಗುಲಲ್ಲಿ! ನನಗೆ ಅಷ್ಟು ದೂರದ ಚಳಿ ಒಗ್ಗದು. ಇಲ್ಲಾದರೆ ಗಾಳಿಮರದ ತೋಪಿನಾಚೆ ಚಾಪೆ ಹಾಸಿದರೆ ಮುಗಿಯಿತು. ಮೊಬೈಲನ್ನು ಕೋಣೆಯಲ್ಲೇ ಬಿಡಬೇಕು. ಕಣ್ಣು ಕತ್ತಲಿಗೆ ಪಳಗಲು ಅರ್ಧ ಗಂಟೆಯಾದರೂ ಬೇಕು. ಒಂದು ಮೆಸೇಜು ನೋಡಿದರೆ ಅಷ್ಟೂ ದಂಡ.

ಗಂಟೆ ಒಂಬತ್ತಾಗುವಾಗ ರೋಹಿಣಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ. ಅಲ್ಲಿಂದ ಪೂರ್ವದ ಗುಡ್ಡಗಳತ್ತ ಕಣ್ಣು ಇಳಿಸುತ್ತ ಹೋದರೆ ಇಡೀ ಮಳೆಗಾಲ ಪಂಚಾಂಗದ ಅನುಕ್ರಮದಲ್ಲೇ ಸಿಗುತ್ತದೆ. ಮೇ ಕೊನೆಯ ರೋಹಿಣಿ ಆಯಿತು, ಜೂನಿನ ಮೃಗಶಿರ, ಅದರ ಪಕ್ಕದಲ್ಲೇ ಕೆಂಪಗೆ ಆರಿದ್ರಾ. 2019ರ ಕೊನೆಗೆ ಈ ಆರಿದ್ರಾ ಇದ್ದಕ್ಕಿದ್ದಂತೆ ಮಂಕಾಗತೊಡಗಿ, ಮುಂದಿನ ಫೆಬ್ರವರಿಗೆ ಬರಿಗಣ್ಣಿಗೇ ಗೊತ್ತಾಗುವಷ್ಟು ಬೆಳಕು ಕಳೆದುಕೊಂಡಿತ್ತು. ಇನ್ನೇನು ಸಿಡಿಯುತ್ತದೆ ಎಂದು ಟಿವಿಯವರು ಕುಣಿದರು. ತಾನೇ ಉಗುಳಿದ ದೂಳು ಅಡ್ಡ ಬಂದು ಹಾಗಾಯಿತೆಂದು ವಿಜ್ಞಾನಿಗಳು ಆಮೇಲೆ ಹೇಳಿದರು. ಮೋಡ ಕವಿಯುವುದು ಆರಿದ್ರೆಗೆ ಹೊಸದೇನಲ್ಲವಲ್ಲ! ಅದರ ಕೆಳಗೆ ಪುನರ್ವಸುವಿನ ಜೋಡಿ ಚುಕ್ಕಿಗಳು. ತೀರಾ ಕೆಳಗೆ, ತೆಂಗಿನ ತಲೆಗಳ ಮೇಲೆ, ಆಗಷ್ಟೇ ಎದ್ದ ಮಘಾ.

ನಡುವಿನ ಪುಷ್ಯ, ಆಶ್ಲೇಷಗಳದ್ದೇ ಕಷ್ಟ. ಊರಿನ ದೀಪಗಳ ಕೆಳಗೆ ನಿಂತವರಿಗೆ ಇವು ದಕ್ಕುವುದಿಲ್ಲ. ಪುಷ್ಯವನ್ನು ನೆಟ್ಟನೋಟದಿಂದ ನೋಡಿದರೆ ಮಾಯ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಣ್ಣಂಚಿನಲ್ಲಿ ಗೋಡೆಗೆ ಹಿಡಿದ ದೀಪದ ಮಸಿಯ ಹಾಗೆ, ಆದರೆ ಬಿಳಿಯ ಬಣ್ಣದಲ್ಲಿ, ಒಂದು ಕಲೆ ಕಾಣಿಸುತ್ತದೆ. ಹೀಗೆ ಓರೆಗಣ್ಣು ಮಾಡಿಕೊಂಡು ಅಂಗಳದಲ್ಲಿ ನಿಂತಿದ್ದಾಗ ನಾನು ಉಳಿದುಕೊಂಡಿದ್ದ ಹೋಮ್‌ಸ್ಟೇಯ ಅಮ್ಮ ಹೊರಬಂದು, "ಎಂತ ಹುಡುಕೂದು ಮಾರಾಯ್ರೆ?" ಎಂದರು.

"ಪುಷ್ಯ ಅಮ್ಮಾ."

"ಪುಷ್ಯ ಮಳೆ ಹೋಗಿ ಆರು ತಿಂಗ್ಳಾಯ್ತಲಾ, ಈಗೆಲ್ಲಿ ಹುಡುಕೂದು?"

ಲೆಕ್ಕ ಸರಿಯಾಗಿಯೇ ಇತ್ತು. ಆರು ತಿಂಗಳಾದ್ದರಿಂದಲೇ ಅದು ಈಗ ರಾತ್ರಿಯಿಡೀ ಆಕಾಶದಲ್ಲಿದೆ ಎಂದು ವಿವರಿಸಿದೆ. ಅವರು ಮಾತಾಡದೆ ಒಳಗೆ ಹೋಗಿ ಜಗುಲಿಯ ಬಲ್ಬು ಆರಿಸಿ ಬಂದು, ಸೆರಗು ಹೊದ್ದುಕೊಂಡು ಮೆಟ್ಟಿಲ ಮೇಲೆ ಕೂತರು.

ದಕ್ಷಿಣಕ್ಕೆ ತಿರುಗಿದರೆ ಅಗಸ್ತ್ಯ. ಇರುಳಿನ ನಕ್ಷತ್ರಗಳಲ್ಲಿ ಲುಬ್ಧಕವನ್ನು ಬಿಟ್ಟರೆ ಅತಿ ಪ್ರಕಾಶದ್ದು ಇದೇ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ. ಅಗಸ್ತ್ಯ ಕುಮಟೆಯಲ್ಲಿ ಎರಡು ಮುಷ್ಟಿಗೂ ತುಸು ಮೇಲೇರುತ್ತಾನೆ, ದಿಲ್ಲಿಯಲ್ಲಿ ಒಂದು ಮುಷ್ಟಿಯೂ ಇಲ್ಲ. ಅಚಲವೆಂದು ನಾವು ಕೊಂಡಾಡುವ ಧ್ರುವ ಇಲ್ಲಿ ಬರೀ ಒಂದೂವರೆ ಮುಷ್ಟಿ ಎತ್ತರದಲ್ಲಿ, ಯಾವುದೋ ತೆಂಗಿನ ಗರಿಯ ಹಿಂದೆ ಸಿಕ್ಕಿಕೊಂಡಿರುತ್ತದೆ. ಅಗಸ್ತ್ಯ ಉದಯಿಸಿದರೆ ಮಳೆಯ ಕೆಸರು ನೀರು ತಿಳಿಯಾಗುತ್ತದೆಂದು ಹಿಂದಿನವರ ನಂಬಿಕೆ. ಸಮುದ್ರವನ್ನೇ ಕುಡಿದ ಋಷಿ; ಕಡಲ ದಂಡೆಯಲ್ಲಿ ಕೂತು ಅವನನ್ನು ನೋಡುವಾಗ ಸಣ್ಣದೊಂದು ಅಂಜಿಕೆ ಇಲ್ಲದಿಲ್ಲ.

ಪಶ್ಚಿಮದ ಅಂಚಿನಲ್ಲಿ ಸಾಲಾಗಿ ಹೊಳೆಯುವುದು ಮಾತ್ರ ನಕ್ಷತ್ರವಲ್ಲ, ದೋಣಿ. ಪ್ರಖರ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ನಡೆಯುತ್ತಿದೆ ಎಂದು ನಾಡದೋಣಿಯವರು ದೂರುತ್ತಲೇ ಬಂದಿದ್ದಾರೆ. ಆ ಬೆಳಕಿಗೆ ಮೀನು ಮರುಳಾಗಿ ಬರುವುದು ಚಂದ್ರ ಇಲ್ಲದಿದ್ದಾಗ. ಹೀಗಾಗಿ ಅಮಾವಾಸ್ಯೆ ಅವರಿಗೂ ಬೇಕು, ನನಗೂ ಬೇಕು. ಅದಕ್ಕಿಂತ ನನಗೆ ಸಿಟ್ಟು ಬರುವುದು ಪ್ರವಾಸಿಗರಿಗೆಂದು ದಂಡೆಗಳಲ್ಲಿ ನಿಲ್ಲಿಸುವ ಹೈಮಾಸ್ಟ್ ದೀಪಗಳ ಮೇಲೆ. ಅಲೆ ನೋಡಲು ಬಂದವರಿಗೆ ಅಲೆಯೂ ಕಾಣದಷ್ಟು ಬೆಳಕು ಯಾಕೆ?

ನಡುರಾತ್ರಿ ದಾಟಿ ಸ್ವಾತಿ ಮೂಡಿತೆಂದರೆ, ಮೇ ತಿಂಗಳಿಂದ ದೀಪಾವಳಿಯ ಹೊತ್ತಿನವರೆಗಿನ ಅಷ್ಟೂ ಮಳೆಗಳು ಒಟ್ಟಿಗೆ ತಲೆಯ ಮೇಲಿರುತ್ತವೆ, ಒಂದು ಹನಿಯೂ ಇಲ್ಲದೆ. ಅಲ್ಲಿಯವರೆಗೆ ಎಚ್ಚರವಿರಬೇಕೆಂದು ಅಮ್ಮ ಚಹಾ ಮಾಡಿ ತರುವಷ್ಟರಲ್ಲಿ ಪಕ್ಕದ ಕೋಣೆಯ ಬೆಂಗಳೂರಿನ ಅತಿಥಿ ಬಾಗಿಲು ತೆರೆದರು.

"ಕರೆಂಟ್ ಹೋಯ್ತಾ? ಜನರೇಟರ್ ಇಲ್ವಾ?"

"ಹೋಗ್ಲಿಲ್ಲ, ನಾನೇ ತೆಗ್ದದ್ದು," ಎಂದರು ಅಮ್ಮ. "ಇವ್ರಿಗೆ ಪುಷ್ಯ ಮಳೆ ಸಿಕ್ಕಿದೆ."

ಆ ಮನುಷ್ಯ ಒಮ್ಮೆ ಆಕಾಶ ನೋಡಿ, ಹಗ್ಗದ ಮೇಲೆ ಒಣಹಾಕಿದ್ದ ತಮ್ಮ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಒಳಗೆ ಹೋದರು.