ಮೀಟರ್ ಹೇಳೋದು ಅಳತೆಯಾ, ಅಂದಾಜಾ?

ನಂದಿದುರ್ಗ ಅಂದ ತಕ್ಷಣ ಕ್ಲಾಸಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಒಂದೇ: "ಸನ್‌ರೈಸ್ ನೋಡೋಕೆ ಹೋಗ್ತಾರಲ್ಲ, ಅದಾ?" ಅಲ್ಲ ಸ್ವಾಮಿ, ಅದು ನಂದಿ ಬೆಟ್ಟ. ನಮ್ಮದು ಕೆಜಿಎಫ್‌ನ ನಂದಿದುರ್ಗ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ ಇದ್ದ ಹಾಗೆ ಇದೂ ಒಂದು ಚಿನ್ನದ ಗಣಿಯ ಹೆಸರು. ಗಣಿಗಳು 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ನಾವು ಮೂವರು ಹುಟ್ಟಿದ್ದೇ ಅದಾದ ಮೇಲೆ. ಮನೇಲಿ ಕನ್ನಡ, ಬೀದೀಲಿ ತಮಿಳು, ಸ್ಕೂಲಲ್ಲಿ ಇಂಗ್ಲಿಷ್ ಅಂತ ಬೆಳೆದವರು ನಾವು. ಈಗ ಇದೇ ಕಾಲೇಜಿನಲ್ಲಿ ಎರಡನೇ ವರ್ಷ, ಇಬ್ಬರು ಮೆಕ್ಯಾನಿಕಲ್, ಒಬ್ಬರು ಎಲೆಕ್ಟ್ರಾನಿಕ್ಸ್. ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಬರೆಯೋದು ಇದೇ ಮೊದಲ ಸಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ವಿಷಯ ಏನಂದ್ರೆ ಗಾಡಿಯ ಟ್ರಿಪ್ ಕಂಪ್ಯೂಟರ್. ನಮ್ಮ ಪೈಕಿ ಒಬ್ಬರ ಮಾವನ ಹತ್ತಿರ ಒಂದು ಹಳೇ ಡೀಸೆಲ್ ಎಸ್‌ಯುವಿ ಇದೆ. ಒಳಗೆ ಕೂತು ತಲೆ ಎತ್ತಿದ್ರೆ, ರಿಯರ್ ವ್ಯೂ ಮಿರರ್ ಹತ್ತಿರ ಸೀಲಿಂಗ್‌ಗೆ ಅಂಟಿಕೊಂಡ ಹಾಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಅದಕ್ಕೆ ಓವರ್‌ಹೆಡ್ ಕನ್ಸೋಲ್ ಅಂತಾರೆ. ಅದರಲ್ಲಿ ಎರಡು ರೀಡಿಂಗ್ ಲೈಟು, ಕನ್ನಡಕ ಇಡೋಕೆ ಒಂದು ಗೂಡು, ಮಧ್ಯದಲ್ಲಿ ಹಸಿರು ಅಕ್ಷರದ ಚಿಕ್ಕ ಡಿಸ್‌ಪ್ಲೇ. ಒಂದು ಬಟನ್ ಒತ್ತುತ್ತಾ ಹೋದ್ರೆ ದಿಕ್ಕು, ಹೊರಗಿನ ಟೆಂಪರೇಚರ್, ಸರಾಸರಿ ಮೈಲೇಜು, ಈ ಕ್ಷಣದ ಮೈಲೇಜು, ಇನ್ನೆಷ್ಟು ದೂರ ಓಡಬಹುದು ಅನ್ನೋದು ಒಂದೊಂದಾಗಿ ಬರುತ್ತೆ. ಈಗಿನ ಗಾಡಿಗಳಲ್ಲಿ ಇದೆಲ್ಲ ಸ್ಟೀರಿಂಗ್ ಹಿಂದಿನ ಸ್ಕ್ರೀನಿಗೆ ಇಳಿದುಬಿಟ್ಟಿದೆ. ಕೆಲಸ ಮಾಡೋ ರೀತಿ ಮಾತ್ರ ಹೆಚ್ಚುಕಡಿಮೆ ಅದೇ.

ಈ ಗಾಡಿ ನಮ್ಮ ಕೈಗೆ ಬಂದಿದ್ದು ಪಕ್ಕದ ಮನೆ ತಾತನಿಂದ. ತಾತ ಗಣಿಯಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದವರು, ಅಂದ್ರೆ ಜನರನ್ನ ಕೇಜ್‌ನಲ್ಲಿ ಶಾಫ್ಟ್ ಒಳಗೆ ಇಳಿಸಿ ಮೇಲೆ ತರೋರು. ಈಗ ಅವರಿಗೆ ಉಸಿರಾಟದ ತೊಂದರೆ. ಮೂರು ವಾರಕ್ಕೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕು. ಮಾರಿಕುಪ್ಪಂ ಕಡೆಯಿಂದ ಬೆಳಗ್ಗೆ ಬರೋ ರೈಲಲ್ಲಿ ಡ್ಯೂಟಿಗೆ ಹೋಗೋರೇ ತುಂಬಿರ್ತಾರೆ, ಅದರಲ್ಲಿ ಅವರನ್ನ ನಿಲ್ಲಿಸಿ ಕರ್ಕೊಂಡು ಹೋಗೋಕಾಗಲ್ಲ. ಹಾಗಾಗಿ ಮಾವ ಗಾಡಿ ಕೊಡ್ತಾರೆ, ನಾವು ಸರದಿ ಮೇಲೆ ಓಡಿಸ್ತೀವಿ. ಬಂಗಾರಪೇಟೆ, ಕೋಲಾರ, ಆಮೇಲೆ ಹೈವೇ. ಹೋಗಿ ಬರೋಕೆ ಸುಮಾರು 200 ಕಿ.ಮೀ.

ತಾತಂದು ಒಂದೇ ಕಂಡೀಷನ್: ಡೀಸೆಲ್ ದುಡ್ಡು ಅವರೇ ಕೊಡ್ತಾರೆ, ಅದೂ ಸರಿಯಾದ ಲೆಕ್ಕಕ್ಕೆ. ಒಂದು ರೂಪಾಯಿ ಕಮ್ಮಿ ತಗೊಂಡ್ರೂ ಬೇಜಾರು, ಜಾಸ್ತಿ ಕೇಳೋಕೆ ನಮಗೆ ಮನಸ್ಸಿಲ್ಲ. ನಾವು ಡಿಸ್‌ಪ್ಲೇ ತೋರಿಸಿ "ನೋಡಿ ತಾತ, ಲೀಟರಿಗೆ 13.6 ಬರ್ತಿದೆ" ಅಂದ್ವಿ. ಅವರು ಅದನ್ನೇ ನೋಡ್ತಾ ಕೇಳಿದ್ರು: "ಇದು ಅಳೆದಿದ್ದಾ, ಅಂದಾಜು ಮಾಡಿದ್ದಾ?"

ಮೂರು ಜನ ಇಂಜಿನಿಯರಿಂಗ್ ಹುಡುಗರಿಗೆ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಹುಡುಕೋಕೆ ಕೂತ್ವಿ.

ಮೊದಲು ದೂರ. ಗಾಡಿಗೆ ರಸ್ತೆ ಕಾಣಲ್ಲ, ಚಕ್ರ ತಿರುಗೋದು ಮಾತ್ರ ಗೊತ್ತಾಗೋದು. ಚಕ್ರದ ಜೊತೆ ತಿರುಗೋ ಹಲ್ಲಿನ ರಿಂಗ್ ಪಕ್ಕದಲ್ಲಿ ಒಂದು ಸೆನ್ಸರ್ ಇರುತ್ತೆ. ಒಂದೊಂದು ಹಲ್ಲು ದಾಟಿದಾಗಲೂ ಒಂದು ಪಲ್ಸ್. ಕೆಲವು ಗಾಡಿಗಳಲ್ಲಿ ಈ ಸೆನ್ಸರ್ ಗೇರ್‌ಬಾಕ್ಸ್ ಕಡೆ ಇರುತ್ತೆ. ಪಲ್ಸ್ ಎಣಿಸಿ, ಒಂದು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯವರು ಬರೆದಿಟ್ಟ ಸಂಖ್ಯೆಯಿಂದ ಗುಣಿಸಿದ್ರೆ ಕಿಲೋಮೀಟರ್ ಬಂತು. ಅಂದ್ರೆ ಸುತ್ತು ಎಣಿಸಿದ್ದು, ದೂರ ಲೆಕ್ಕ ಹಾಕಿದ್ದು.

ನಮ್ಮ ಗಾಡಿಯ ಟೈರ್ 235/70 ಆರ್ 16. ವ್ಯಾಸ ಸುಮಾರು 735 ಮಿ.ಮೀ., ಸುತ್ತಳತೆ 2.31 ಮೀಟರ್. ಹೊಸ ಟೈರಿನಲ್ಲಿ 8 ಮಿ.ಮೀ. ಪಟ್ಟೆ ಇದ್ದು, ಕಾನೂನಿನ ಮಿತಿ 1.6 ಮಿ.ಮೀ.ವರೆಗೂ ಸವೆದ್ರೆ ವ್ಯಾಸ ಸುಮಾರು 13 ಮಿ.ಮೀ. ಕಮ್ಮಿ ಆಗುತ್ತೆ, ಶೇ. 1.7ರಷ್ಟು. ಚಕ್ರ ಚಿಕ್ಕದಾಯ್ತು, ಅಷ್ಟೇ ದೂರಕ್ಕೆ ಸುತ್ತು ಜಾಸ್ತಿ ಆಯ್ತು, ಮೀಟರ್ ಮಾತ್ರ ಹಳೇ ಸುತ್ತಳತೆಯಲ್ಲೇ ಗುಣಿಸುತ್ತೆ. ಹೈವೇಯಲ್ಲಿ ಕಿಲೋಮೀಟರ್ ಕಲ್ಲುಗಳನ್ನ ಎಣಿಸಿಕೊಂಡು 20 ಕಿ.ಮೀ. ಓಡಿಸಿದಾಗ ನಮ್ಮ ಟ್ರಿಪ್ ಮೀಟರ್ 20.4 ಅಂತು. ಟೈರ್ ನೋಡಿದ್ರೆ ಆಶ್ಚರ್ಯ ಏನಿರಲಿಲ್ಲ.

ಇನ್ನು ಇಂಧನ. ನಾವಂದ್ಕೊಂಡಿದ್ದು ಡೀಸೆಲ್ ಪೈಪಿನಲ್ಲಿ ಎಲ್ಲೋ ಒಂದು ಫ್ಲೋ ಮೀಟರ್ ಇರುತ್ತೆ ಅಂತ. ಸಾಮಾನ್ಯ ಗಾಡಿಗಳಲ್ಲಿ ಅದು ಇರೋದೇ ಇಲ್ಲ. ಇಂಜಿನ್ನಿನ ಕಂಪ್ಯೂಟರ್, ಅಂದ್ರೆ ಇಸಿಯು, ಇಂಜೆಕ್ಟರ್‌ಗಳಿಗೆ "ಇಷ್ಟು ಮಿಲಿಸೆಕೆಂಡ್ ತೆರೆ" ಅಂತ ಆರ್ಡರ್ ಕೊಡುತ್ತೆ. ಪ್ರೆಷರ್ ಗೊತ್ತು, ಇಂಜೆಕ್ಟರ್ ರಂಧ್ರ ಎಷ್ಟು ಬಿಡುತ್ತೆ ಅನ್ನೋದು ಗೊತ್ತು, ತೆರೆದ ಹೊತ್ತು ಗೊತ್ತು. ಇದನ್ನೆಲ್ಲ ಸೇರಿಸಿ ಎಷ್ಟು ಡೀಸೆಲ್ ಹೋಯ್ತು ಅಂತ ಲೆಕ್ಕ ಹಾಕಿ, ಕ್ಯಾನ್ ಬಸ್ ಅನ್ನೋ ಎರಡು ತಂತಿಯ ನೆಟ್‌ವರ್ಕ್ ಮೇಲೆ ಡಿಸ್‌ಪ್ಲೇಗೆ ಕಳಿಸುತ್ತೆ. ಈ ಕ್ಯಾನ್ ಬಸ್ ಅನ್ನ 1986ರಲ್ಲಿ ಬಾಷ್ ಕಂಪನಿ ಪರಿಚಯಿಸಿದ್ದು, ನಮಗೆ ಮುಂದೆ ಸಿಲಬಸ್‌ನಲ್ಲೂ ಬರುತ್ತೆ ಅಂತ ಸೀನಿಯರ್ಸ್ ಹೇಳ್ತಾರೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಇಸಿಯುಗೆ ಗೊತ್ತಿರೋದು ತಾನು ಕೊಟ್ಟ ಆರ್ಡರ್, ನಿಜವಾಗಿ ಸುರಿದ ಡೀಸೆಲ್ ಅಲ್ಲ. ಇಂಜೆಕ್ಟರ್ ಹಳೇದಾಗಿ ಸವೆದಿದ್ರೆ ಒಂದು ಹನಿ ಜಾಸ್ತಿ ಬಿಡಬಹುದು, ಕಟ್ಟಿಕೊಂಡಿದ್ರೆ ಕಮ್ಮಿ. ಹೋಟೆಲಲ್ಲಿ ಬಿಲ್ ಬರೆಯೋನು ಅಡುಗೆಮನೆಗೆ ಹೋಗದೇನೇ ಎಷ್ಟು ಅಕ್ಕಿ ಖರ್ಚಾಯ್ತು ಅಂತ ಹೇಳಿದ ಹಾಗೆ.

ಈ ಕ್ಷಣದ ಮೈಲೇಜ್ ಅನ್ನೋದು ಇವೆರಡರ ಭಾಗಾಕಾರ. ಬಂಗಾರಪೇಟೆ ರೈಲ್ವೆ ಗೇಟಲ್ಲಿ ಇಂಜಿನ್ ಆನ್ ಇಟ್ಟು ನಿಂತ್ರೆ ದೂರ ಸೊನ್ನೆ, ಮೈಲೇಜೂ ಸೊನ್ನೆ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ರೆ ಇಂಜೆಕ್ಷನ್ ನಿಂತುಹೋಗುತ್ತೆ, ಆಗ ಸೊನ್ನೆಯಿಂದ ಭಾಗಿಸಬೇಕಾಗುತ್ತೆ, ಪಾಪ ಡಿಸ್‌ಪ್ಲೇ 99.9 ಅಂತಲೋ ಬರೀ ಗೆರೆಗಳನ್ನೋ ತೋರಿಸಿ ಸುಮ್ಮನಾಗುತ್ತೆ. ಸರಾಸರಿ ಅಂದ್ರೆ ಕೊನೆಯ ಸಲ ರೀಸೆಟ್ ಒತ್ತಿದಾಗಿನಿಂದ ಒಟ್ಟು ದೂರ ಭಾಗಿಸು ಒಟ್ಟು ಡೀಸೆಲ್. ಹೋಗುವಾಗ 60 ಕಿ.ಮೀ.ಗೆ 10ರ ಮೈಲೇಜ್, ಬರುವಾಗ ಅದೇ 60ಕ್ಕೆ 15 ಬಂದ್ರೆ ಸರಾಸರಿ 12.5 ಅಲ್ಲ. ಹೋಗೋಕೆ 6 ಲೀಟರ್, ಬರೋಕೆ 4 ಲೀಟರ್, ಒಟ್ಟು 120 ಕಿ.ಮೀ.ಗೆ 10 ಲೀಟರ್. ಉತ್ತರ 12. ಇದು ಟೆಸ್ಟಲ್ಲಿ ಬಂದ್ರೆ ಅರ್ಧ ಕ್ಲಾಸ್ 12.5 ಬರೆಯುತ್ತೆ, ಬೆಟ್ ಕಟ್ತೀವಿ.

ಹೊರಗಿನ ಟೆಂಪರೇಚರ್ ಅಳೆಯೋ ಥರ್ಮಿಸ್ಟರ್ ಮುಂದಿನ ಬಂಪರ್ ಹಿಂದೆ ಇರುತ್ತೆ. ಗಾಡಿ ನಿಂತಾಗ ಇಂಜಿನ್ ಬಿಸಿ ಅದಕ್ಕೆ ತಾಗುತ್ತೆ. ಅದಕ್ಕೇ ಹಲವು ಗಾಡಿಗಳಲ್ಲಿ ಕಡಿಮೆ ಆದ್ರೆ ತಕ್ಷಣ ತೋರಿಸೋ ಹಾಗೆ, ಜಾಸ್ತಿ ಆದ್ರೆ ಸ್ವಲ್ಪ ಹೊತ್ತು ಓಡಿದ ಮೇಲಷ್ಟೇ ತೋರಿಸೋ ಹಾಗೆ ಪ್ರೋಗ್ರಾಂ ಮಾಡಿರ್ತಾರೆ. ದಿಕ್ಸೂಚಿ ಕೂಡ ಹಾಗೇ, ಅದರೊಳಗೆ ಮುಳ್ಳು ಇಲ್ಲ, ಭೂಮಿಯ ಕಾಂತಕ್ಷೇತ್ರ ಹಿಡಿಯೋ ಕಾಯಿಲ್‌ಗಳಿವೆ. ಆದ್ರೆ ಗಾಡಿಯ ಉಕ್ಕಿನ ಟಾಪಿಗೇ ಸ್ವಲ್ಪ ಕಾಂತತ್ವ ಇರುತ್ತೆ. ಅದನ್ನ ಕಳೆಯೋಕೆ ಗಾಡಿಯನ್ನ ನಿಧಾನಕ್ಕೆ ಪೂರ್ತಿ ಸುತ್ತು ತಿರುಗಿಸಬೇಕು. ನಾವು ಸೈನೈಡ್ ದಿಬ್ಬದ ಹತ್ತಿರದ ಬಯಲಲ್ಲಿ ಮೂರು ಸುತ್ತು ಹಾಕಿದ್ವಿ. ಎಲ್ಲ ದಿಕ್ಕಿಗೂ ಒಂದೇ ಥರ ಬರೋದು ಗಾಡಿಯದು, ಬದಲಾಗೋದು ಭೂಮಿಯದು ಅಂತ ಅದು ಬೇರ್ಪಡಿಸಿಕೊಳ್ಳುತ್ತೆ. ಅಕ್ಕಪಕ್ಕದ ಹುಡುಗರು ನಮ್ಮನ್ನ ನೋಡಿ ಡ್ರೈವಿಂಗ್ ಕಲೀತಿದ್ದಾರೆ ಅಂತ ನಕ್ಕರು.

ಇದನ್ನೆಲ್ಲ ತಾತನಿಗೆ ಹೇಳಿದಾಗ ಅವರಿಗೆ ಹೊಸದೇನೂ ಅನ್ನಿಸಲಿಲ್ಲ. ವೈಂಡಿಂಗ್ ಇಂಜಿನ್ ರೂಮಲ್ಲಿ ಅವರಿಗೂ ಕೇಜ್ ಕಾಣ್ತಿರಲಿಲ್ಲ. ಕಾಣ್ತಿದ್ದಿದ್ದು ಡ್ರಮ್ಮು, ಅದಕ್ಕೆ ಸುತ್ತೋ ಉಕ್ಕಿನ ಹಗ್ಗ, ಮತ್ತೆ ಆಳ ತೋರಿಸೋ ಒಂದು ಮುಳ್ಳು. ಮುಳ್ಳು ನಡೆಯೋದು ಡ್ರಮ್ ಎಷ್ಟು ತಿರುಗಿದೆ ಅನ್ನೋದರ ಮೇಲೆ, ಥೇಟ್ ನಮ್ಮ ಚಕ್ರದ ಥರ. ಆದ್ರೆ ಹಗ್ಗ ಭಾರಕ್ಕೆ ಹಿಗ್ಗುತ್ತೆ. ಚಾಂಪಿಯನ್ ರೀಫ್ ಆಳ 3 ಕಿ.ಮೀ. ದಾಟಿತ್ತು. ಒಂದೇ ಹಗ್ಗದಲ್ಲಿ ಅಷ್ಟೂ ಆಳ ಇಳಿಯಲ್ಲ, ಆದ್ರೆ ಸಾವಿರ ಮೀಟರ್ ಹಗ್ಗ ಅಂದ್ರೂ ಹಿಗ್ಗೋದು ಸೆಂಟಿಮೀಟರ್ ಲೆಕ್ಕದಲ್ಲಿ ನಿಲ್ಲಲ್ಲ. ಅದಕ್ಕೇ ಮುಳ್ಳಿನ ಜೊತೆ ಡ್ರಮ್ ಮೇಲೆ ಬಣ್ಣದ ಗುರುತು, ಕೆಳಗಿಂದ ಬರೋ ಬೆಲ್ ಸಿಗ್ನಲ್, ಹಗ್ಗ ಬದಲಾಯಿಸಿದಾಗ ಮತ್ತೆ ಗುರುತು ಸರಿಮಾಡೋದು. "ಮುಳ್ಳು ಸುಳ್ಳು ಹೇಳಲ್ಲಪ್ಪ," ಅಂದ್ರು ತಾತ, "ಅದಕ್ಕೆ ಗೊತ್ತಿರೋದು ಡ್ರಮ್ಮು. ಕೇಜು ಅದಕ್ಕೆ ಗೊತ್ತಿಲ್ಲ."

ಅವರ ದುಡ್ಡಿನ ಲೆಕ್ಕಕ್ಕೆ ನಾವೂ ಒಂದು ಗುರುತು ಮಾಡ್ಕೊಂಡ್ವಿ. ಕೋಲಾರದ ಹತ್ತಿರ ಒಂದೇ ಬಂಕು, ಒಂದೇ ಪಂಪು, ಆಟೋ ಕಟ್ ಆಗೋವರೆಗೆ ಫುಲ್ ಟ್ಯಾಂಕ್. ಓಡಿಸಿ, ಮತ್ತೆ ಅಲ್ಲೇ ಫುಲ್. 412 ಕಿ.ಮೀ.ಗೆ 33.6 ಲೀಟರ್ ಹಿಡೀತು, ಅಂದ್ರೆ 12.3. ಡಿಸ್‌ಪ್ಲೇ 13.6 ಅಂತಾನೇ ಇತ್ತು. ಎರಡೂ ಒಂದೇ ಟ್ರಿಪ್ ಮೀಟರಿನ ದೂರ ಬಳಸಿದ್ದರಿಂದ ಇಲ್ಲಿ ಟೈರಿನ ತಪ್ಪು ಲೆಕ್ಕಕ್ಕೆ ಬರಲ್ಲ, ವ್ಯತ್ಯಾಸ ಇರೋದು ಡೀಸೆಲ್ ಅಂದಾಜಿನಲ್ಲೇ. ಮುಂದಿನ ಎರಡು ಟ್ಯಾಂಕಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. 200 ಕಿ.ಮೀ.ಗೆ ಒಂದೂವರೆ ಲೀಟರಿಗಿಂತ ಜಾಸ್ತಿ ವ್ಯತ್ಯಾಸ. ತಾತ ನೋಟ್‌ಬುಕ್ ನೋಡಿ ಹಳೇ ಬಾಕಿನೂ ಸೇರಿಸಿ ಕೊಟ್ಟರು. ಬೇಡ ಅಂದ್ರೆ ಕೇಳಲಿಲ್ಲ.

ಆ ನೋಟ್‌ಬುಕ್ ದುಡ್ಡಿಗಷ್ಟೇ ಅಲ್ಲ, ಇನ್ನೊಂದಕ್ಕೂ ಬೇಕಾಯ್ತು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ, ಒಂದು ಗಂಟೆ ಹೊತ್ತಿಗೆ, ತಾತನಿಗೆ ಉಸಿರು ಹಿಡೀತು. ಅವರ ಮಗಳು ಹಿಂದಿನ ಸೀಟಲ್ಲಿ ಅವರನ್ನ ಒರಗಿಸಿಕೊಂಡು ಕೂತ್ರು. ಗಾಡಿ ಸ್ಟಾರ್ಟ್ ಮಾಡಿದಾಗ ಮೇಲಿನ ಡಿಸ್‌ಪ್ಲೇ ಹೇಳಿದ್ದು: ಇನ್ನು 130 ಕಿ.ಮೀ. ಓಡಬಹುದು. ಆಸ್ಪತ್ರೆ 100 ಕಿ.ಮೀ.

ಈ ಸಂಖ್ಯೆ ಎಲ್ಲದಕ್ಕಿಂತ ದೊಡ್ಡ ಅಂದಾಜು. ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲ್ತಿರುತ್ತೆ, ಅದರ ತೋಳು ಒಂದು ರೆಸಿಸ್ಟೆನ್ಸ್ ಬದಲಾಯಿಸುತ್ತೆ, ಅದರಿಂದ ಲೀಟರ್ ಊಹೆ. ಟ್ಯಾಂಕು ಚೌಕ ಡಬ್ಬ ಅಲ್ಲ, ಗಾಡಿ ಇಳಿಜಾರಲ್ಲಿ ನಿಂತಿದ್ರೆ ಫ್ಲೋಟ್ ಬೇರೇನೇ ಹೇಳುತ್ತೆ. ನಮ್ಮ ಬೀದಿ ಪೂರ್ತಿ ಇಳಿಜಾರು. ಆ ಲೀಟರನ್ನ ಇತ್ತೀಚಿನ ಮೈಲೇಜಿಂದ ಗುಣಿಸ್ತಾರೆ. ಹಿಂದಿನ ಸಲ ಓಡಿದ್ದು ಖಾಲಿ ಹೈವೇಯಲ್ಲಾದ್ರೆ ಗಾಡಿ ಇನ್ನೂ ಅದೇ ಹೈವೇಯಲ್ಲಿ ಇದ್ದೀನಿ ಅಂದ್ಕೊಂಡಿರುತ್ತೆ. ಅದಕ್ಕೇ ಕೆಲವು ಸಲ ಓಡ್ತಾ ಓಡ್ತಾ ಈ ಸಂಖ್ಯೆ ಇಳಿಯೋ ಬದಲು ಏರೋದು. ಜೊತೆಗೆ, ಸೊನ್ನೆ ಅಂದ್ಮೇಲೂ ಸ್ವಲ್ಪ ಉಳಿಯೋ ಹಾಗೆ ಕಂಪನಿಯವರು ಬಚ್ಚಿಟ್ಟಿರ್ತಾರೆ. ಎಷ್ಟು ಅಂತ ಡಿಸ್‌ಪ್ಲೇ ಹೇಳಲ್ಲ.

ನಮ್ಮ ನೋಟ್‌ಬುಕ್ ಪ್ರಕಾರ 130 ಅಂದ್ರೆ ಸುಮಾರು 117. ಇಳಿಜಾರಿಗೆ ಇನ್ನೂ ಸ್ವಲ್ಪ ಕಳೀರಿ. ಕೋಲಾರದಲ್ಲಿ ತೆರೆದಿದ್ದ ಬಂಕಿಗೆ ಗಾಡಿ ತಿರುಗಿಸಿದಾಗ ತಾತನ ಮಗಳು ಗಾಬರಿಯಾಗಿ "130 ಅಂತ ಇದೆಯಲ್ಲ, ಯಾಕೆ ನಿಲ್ಲಿಸ್ತಿದ್ದೀರ?" ಅಂದ್ರು. ವಿವರಿಸೋ ಹೊತ್ತಲ್ಲ ಅದು. ತಾತನಿಗೆ ಮಾತಾಡೋಕೆ ಆಗ್ತಿರಲಿಲ್ಲ. ಕೈ ಎತ್ತಿ "ಹಾಕ್ಸು" ಅನ್ನೋ ಹಾಗೆ ಸನ್ನೆ ಮಾಡಿದ್ರು. 10 ಲೀಟರ್, ನಾಲ್ಕು ನಿಮಿಷ. ಅಷ್ಟು ಉದ್ದದ ನಾಲ್ಕು ನಿಮಿಷ ನಾವು ನೋಡಿಲ್ಲ.

ಮೂರು ಗಂಟೆಯೊಳಗೆ ಆಸ್ಪತ್ರೆ ತಲುಪಿದ್ವಿ. ಆರು ದಿನಕ್ಕೆ ತಾತ ಮನೆಗೆ ಬಂದ್ರು. ಆಮೇಲೆ ಫುಲ್ ಟ್ಯಾಂಕ್ ಮಾಡಿಸಿ ಲೆಕ್ಕ ಹಾಕಿದಾಗ ಗೊತ್ತಾಗಿದ್ದು: ಆ ರಾತ್ರಿ ಡೀಸೆಲ್ ಹಾಕಿಸದೇ ಇದ್ರೂ ತಲುಪ್ತಿದ್ವಿ, ಎರಡೋ ಮೂರೋ ಲೀಟರ್ ಉಳೀತಿತ್ತು. ತಾತನಿಗೆ ಇದನ್ನೂ ಹೇಳಿದ್ವಿ. ಅವರು ತಲೆ ಆಡಿಸಿದ್ರು ಅಷ್ಟೇ. ನಮಗನ್ನಿಸಿದ್ದು, ಅದು ಲೆಕ್ಕ ಹಾಕಿದ ಮೇಲೆ ಗೊತ್ತಾದ ಉತ್ತರ, ರಾತ್ರಿ ಒಂದು ಗಂಟೆಗೆ ಇದ್ದಿದ್ದು ಅಂದಾಜು ಮಾತ್ರ. ಅಂದಾಜಿನ ಮೇಲೆ ಒಬ್ಬರ ಉಸಿರು ಇಡೋವಾಗ ಎಷ್ಟು ಕಳೆಯಬೇಕು ಅನ್ನೋದು ಮೊದಲೇ ಗೊತ್ತಿದ್ರೆ ಒಳ್ಳೇದು.

ನಿಮ್ಮ ಮನೇಲಿ ಗಾಡಿ ಇದ್ರೆ ಒಂದು ಕೆಲಸ ಮಾಡಿ. ಟ್ರಿಪ್ ರೀಸೆಟ್ ಮಾಡಿ, ಒಂದೇ ಪಂಪಲ್ಲಿ ಎರಡು ಸಲ ಫುಲ್ ಟ್ಯಾಂಕ್ ಹಾಕ್ಸಿ, ಭಾಗಿಸಿ ನೋಡಿ. ಡಿಸ್‌ಪ್ಲೇಗೂ ನಿಮ್ಮ ಉತ್ತರಕ್ಕೂ ಎಷ್ಟು ವ್ಯತ್ಯಾಸ ಅಂತ ಬರೆದಿಟ್ಕೊಳ್ಳಿ. ಹೈವೇಯಲ್ಲಿ 20 ಕಲ್ಲು ಎಣಿಸಿ. ಬುಲ್ಡೋಜರ್ ಇದ್ರೆ ಇದ್ಯಾವುದೂ ಬೇಡ, ನಮ್ಮೂರ ಬೆಮೆಲ್‌ನವರನ್ನ ಕೇಳಿ, ಅದಕ್ಕೆ ಕಿಲೋಮೀಟರ್ ಲೆಕ್ಕ ಇಲ್ಲ, ಗಂಟೆ ಲೆಕ್ಕ.

ನಮ್ಮ ನೋಟ್‌ಬುಕ್ ಈಗ ಗಾಡಿಯ ಓವರ್‌ಹೆಡ್ ಕನ್ಸೋಲ್‌ನಲ್ಲೇ ಇದೆ, ಕನ್ನಡಕದ ಗೂಡಿನಲ್ಲಿ ಮಡಚಿ ತುರುಕಿದ್ದೀವಿ. ಮೊನ್ನೆ ಮಾವ ನಾಲ್ಕೂ ಟೈರ್ ಹೊಸದು ಹಾಕಿಸಿದ್ರು. ಹಗ್ಗ ಬದಲಾಯ್ತಲ್ಲ, ಗುರುತು ಮತ್ತೆ ಸರಿಮಾಡಿ ಅಂದಿದ್ದಾರೆ ತಾತ. ಈ ಭಾನುವಾರ ಕಲ್ಲು ಎಣಿಸೋಕೆ ಹೋಗ್ತಿದ್ದೀವಿ. ಬರೋರಿದ್ರೆ ಬನ್ನಿ, ವಾಪಸ್ ಬರೋವಾಗ ಬಂಗಾರಪೇಟೆಯಲ್ಲಿ ಪಾನಿಪುರಿ ನಮ್ಮ ಲೆಕ್ಕ.