ಷರಾ ಕಾಲಂ

1 ಅಕ್ಟೋಬರ್ 2024, ಮಂಗಳವಾರ

ನಾಳೆ ಮಹಾಲಯ ಅಮಾವಾಸ್ಯೆ. ಹಾಗಾಗಿ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಜನವೇ ಇರಲಿಲ್ಲ. ಕೆಲವರು ಹಿರಿಯರ ಎಡೆಗೆ ಸಂತೆ ಮಾಡಲು ಹೋಗಿದ್ದಾರೆ, ಕೆಲವರು ಕಾಯಿಲೆಯವರನ್ನು ಕರೆದುಕೊಂಡು ಗುಡಿಗೆ. ನನಗದರ ಮೇಲೆ ಸಿಟ್ಟಿಲ್ಲ. ಗುಡಿಗೂ ಹೋಗ್ರಿ, ಗುಳಿಗಿನೂ ನುಂಗ್ರಿ ಎನ್ನುವುದನ್ನು ಕಲಿತು ಹತ್ತು ವರ್ಷವಾಯಿತು. ಎಂಎಸ್‌ಡಬ್ಲ್ಯು ಓದುವಾಗ ಯಾರೂ ಹೇಳಿಕೊಟ್ಟಿರಲಿಲ್ಲ.

ಒಬ್ಬ ತಾಯಿ ಬಂದಿದ್ದಳು, ಮಗನಿಲ್ಲದೆ. ಅವನಿಗೆ ಸ್ಕಿಜೋಫ್ರೇನಿಯಾ, ತಿಂಗಳಿಗೊಂದು ಇಂಜೆಕ್ಷನ್. ಎರಡು ಸಲ ತಪ್ಪಿದೆ. "ಬಸ್ ಹತ್ತವಲ್ಲ್ರೀ ಅಕ್ಕಾರ. ಬಸ್ಸಿನಾಗಿನ ಮಂದಿ ಎಲ್ಲಾ ನನ್ನ ಬಗ್ಗೇನ ಮಾತಾಡ್ತಾರ ಅಂತಾನ."

ಫೀಲ್ಡ್ ವರ್ಕಿಗೆ ಬಂದಿರುವ ಹುಡುಗಿ ಟೆಲಿ-ಮಾನಸ್ ಸಹಾಯವಾಣಿಯ ನಂಬರ್ 14416 ಬರೆದುಕೊಟ್ಟಳು. ತಾಯಿ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಕೇಳಿದಳು: "ಫೋನಿನಾಗ ಸೂಜಿ ಮಾಡ್ತಾರೇನವ್ವಾ?"

3 ಅಕ್ಟೋಬರ್, ಗುರುವಾರ

ಆ ತಾಯಿಯ ಊರಿಗೆ ಹೋಗಿಬಂದೆವು. ಮನೆ ಮುಂದೆ ಶೇಂಗಾ ಬಳ್ಳಿಯ ರಾಶಿ. ತಾಯಿ ಕಾಯಿ ಬಿಡಿಸುತ್ತ ಕೂತಿದ್ದಳು. ಮಗ ಒಳಗೆ, ಕದ ಅರ್ಧ ಮುಚ್ಚಿತ್ತು. ನಾನೂ ಕೂತು ಬಿಡಿಸತೊಡಗಿದೆ. ಹುಡುಗಿ ನೋಟ್‌ಬುಕ್ ತೆರೆದು ನನ್ನ ಮುಖ ನೋಡುತ್ತಿದ್ದಳು, ಕೌನ್ಸೆಲಿಂಗ್ ಯಾವಾಗ ಶುರುವಾಗುತ್ತದೆ ಎಂದು. ಸ್ವಲ್ಪ ಹೊತ್ತಿಗೆ ಅವಳೂ ನೋಟ್‌ಬುಕ್ ಮುಚ್ಚಿ ಬಳ್ಳಿಗೆ ಕೈ ಹಾಕಿದಳು.

ಮಳೆ, ಕೂಲಿ, ಕಾಯಿಯ ರೇಟು, ಅಕ್ಕನ ಹೆರಿಗೆ ಮಾತಾದವು. ಕಾಯಿಲೆಯ ಮಾತು ನಾನು ಎತ್ತಲಿಲ್ಲ. ಒಂದೂವರೆ ಗಂಟೆಯಾದ ಮೇಲೆ ಕದದ ಹಿಂದಿನಿಂದ ದನಿ: "ಅವು ಜೊಳ್ಳ ಅದಾವ. ಹಾಕಬ್ಯಾಡ್ರಿ." ನೋಡಿದರೆ ಹೌದು, ನನ್ನ ಗುಂಪಿನಲ್ಲಿ ಅರ್ಧ ಜೊಳ್ಳು. ಅವನು ಹೊರಗೆ ಬಂದು ಆರಿಸಿ ಎಸೆದ. ಹೊರಡುವಾಗ, ನಡೆದು ಹೋಗುವಷ್ಟು ದೂರವಾದರೆ ಇಂಜೆಕ್ಷನ್ನಿಗೆ ಬರ್ತೀಯಾ ಎಂದೆ. ನೋಡೋಣ ಎಂದ. ಪಕ್ಕದೂರಿನಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಹೊಲದ ದಾರಿ, ಬಸ್ಸಿನ ಗೊಡವೆಯಿಲ್ಲ.

ವಾಪಸು ಬರುವಾಗ ಹುಡುಗಿ ಕೇಳಿದಳು: "ಮೇಡಂ, ಈ ಲೈನ್‌ನಾಗ ಮುಂದ ಏನೈತಿ?" ನನ್ನ ಬ್ಯಾಚಿನವರನ್ನು ನೆನಪಿಸಿಕೊಂಡೆ. ಒಬ್ಬಳು ಮಕ್ಕಳ ರಕ್ಷಣಾ ಘಟಕದಲ್ಲಿ, ಒಬ್ಬ ಎಚ್‌ಐವಿ ಕೌನ್ಸೆಲರ್, ಒಬ್ಬ ಬೆಂಗಳೂರಿನ ಕಂಪನಿಯೊಂದರ ಸಿಎಸ್‌ಆರ್‌ನಲ್ಲಿ ನನ್ನ ಮೂರು ಪಟ್ಟು ಸಂಬಳಕ್ಕೆ. ನಿಮ್ಹಾನ್ಸ್‌ನಲ್ಲಿ ಎರಡು ವರ್ಷದ ಎಂಫಿಲ್ ಮಾಡಿದವಳು ಪಾಠ ಹೇಳುತ್ತಾಳೆ. ಇನ್ನೊಬ್ಬಳು ಸೀರೆ ಅಂಗಡಿ ಇಟ್ಟಿದ್ದಾಳೆ. ಗಿರಾಕಿಗಳ ಕಷ್ಟ ಕೇಳುವುದರಲ್ಲಿ ನಮಗಿಂತ ಅವಳೇ ಮೇಲು. 2021ರ ಕಾಯ್ದೆಯಲ್ಲಿ ಆರೋಗ್ಯ ವೃತ್ತಿಗಳ ಪಟ್ಟಿಗೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಎಂಬ ಹೆಸರೂ ಸೇರಿದೆ ಎಂದೆ. "ಪರ್ಮನೆಂಟ್ ಆಗ್ತಾರೇನ್ರಿ?" ಎಂದಳು. ಅಷ್ಟರಲ್ಲಿ ಸ್ಟಾಪ್ ಬಂತು, ಪುಣ್ಯ.

8 ಅಕ್ಟೋಬರ್, ಮಂಗಳವಾರ

ದಿನವೆಲ್ಲ ಫೋನು. ಆರೋಗ್ಯ ಕೇಂದ್ರದ ಡಾಕ್ಟರು ಮೊದಲು ಒಪ್ಪಲಿಲ್ಲ: "ಮೆಂಟಲ್ ಕೇಸ್ ನಮ್ಮಲ್ಲಿ ಯಾಕೆ?" 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಶುರು ಮಾಡಿದ್ದೇ ಇದನ್ನಲ್ಲವೇ: ಹಳ್ಳಿಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ, ನಾಲ್ಕಾರು ಔಷಧಿ, ಮನೆಯ ಹತ್ತಿರವೇ ಚಿಕಿತ್ಸೆ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನನ್ನ ಅನ್ನ ಅದರಿಂದಲೇ. ಇದನ್ನೆಲ್ಲ ಅವರಿಗೆ ಹೇಳಲಿಲ್ಲ, ಹೇಳಿದ್ದರೆ ಕೆಲಸ ಕೆಡುತ್ತಿತ್ತು. ನಮ್ಮ ಸೈಕಿಯಾಟ್ರಿಸ್ಟ್ ಕೈಯಲ್ಲಿ ಚೀಟಿ ಬರೆಸಿ, ಅವರಿಬ್ಬರನ್ನೂ ಫೋನಿನಲ್ಲಿ ಮಾತಾಡಿಸಿ, ಸಿಸ್ಟರಿಗೆ ನಾನೇ ಬಂದು ನಿಲ್ಲುತ್ತೇನೆಂದು ಮಾತು ಕೊಟ್ಟೆ. ಬುಧವಾರ, 16ಕ್ಕೆ.

10 ಅಕ್ಟೋಬರ್, ಗುರುವಾರ

ವಿಶ್ವ ಮಾನಸಿಕ ಆರೋಗ್ಯ ದಿನ. ಜಾಥಾ, ಬ್ಯಾನರ್, ಬಾಳೆಹಣ್ಣು. ಈ ವರ್ಷದ ವಿಷಯ ಕೆಲಸದ ಜಾಗದಲ್ಲಿ ಮಾನಸಿಕ ಆರೋಗ್ಯ. ನಾನೇ ಭಾಷಣ ಮಾಡಿದೆ. ಮೂರು ತಿಂಗಳ ಸಂಬಳ ಬರಬೇಕು. 11 ತಿಂಗಳ ಒಪ್ಪಂದ ಮುಗಿಯುತ್ತ ಬಂದಿದೆ. ನಾಳೆ ಆಯುಧ ಪೂಜೆ. ನನ್ನ ಆಯುಧ ಯಾವುದು ಎಂದು ಯಜಮಾನರು ನಗೆಯಾಡಿದರು. ಮೊಬೈಲಿಗೆ ಕುಂಕುಮ ಹಚ್ಚುತ್ತೇನೆ ಎಂದೆ.

16 ಅಕ್ಟೋಬರ್, ಬುಧವಾರ

ಹತ್ತೂವರೆಗೆ ತಾಯಿ, ಹತ್ತು ಮಾರು ಹಿಂದೆ ಮಗ. ಕಾಂಪೌಂಡಿನ ಬೇವಿನ ಮರದವರೆಗೆ ಬಂದ. ಒಳಗೆ ಬಾಣಂತಿಯರ, ಮಕ್ಕಳ ಗದ್ದಲ. ಮರದ ಬುಡದಲ್ಲಿ ಕೂತ. ಸಿಸ್ಟರ್ ಎರಡು ಸಲ ಹೊರಗೆ ಬಂದು ನೋಡಿ ಹೋದರು. ನಾನು ಕರೆಯಲಿಲ್ಲ. ಮುಕ್ಕಾಲು ಗಂಟೆ ಕೂತು, ಎದ್ದು, ಬಂದ ದಾರಿಯಲ್ಲೇ ಹೊರಟ. ಅಡ್ಡ ಬಂದ ಹುಡುಗಿಗೆ, "ಬರೋ ಬುಧವಾರ ಮಂದಿ ಕಮ್ಮಿ ಇರ್ತಾರೇನು?" ಎಂದು ಕೇಳಿದನಂತೆ.

ತಾಯಿ ಕಣ್ಣೊರೆಸಿಕೊಂಡಳು. ಸಿಸ್ಟರ್, "ಮಧ್ಯಾಹ್ನ ಮೂರಕ್ಕ ಬರ್ರಿ, ಯಾರೂ ಇರಂಗಿಲ್ಲ" ಎಂದರು.

ಹುಡುಗಿ ರಿಜಿಸ್ಟರ್ ಹಿಡಿದು ನಿಂತಿದ್ದಳು. ಇಂಜೆಕ್ಷನ್ ಕೊಟ್ಟಿದ್ದು, ಕೊಡದಿದ್ದು, ಗೈರುಹಾಜರು. "ಯಾವುದರಾಗ ಬರೀಲಿ ಮೇಡಂ?" ಷರಾದಾಗ ಬರಿ ಎಂದೆ. ಆ ಕಾಲಂ ಒಂದು ಬೆರಳಿನಷ್ಟು ಅಗಲ. ಪುಸ್ತಕವನ್ನು ಅಡ್ಡ ತಿರುಗಿಸಿಕೊಂಡು, ಸಣ್ಣ ಅಕ್ಷರದಲ್ಲಿ, ಅಂಚಿನುದ್ದಕ್ಕೂ ಬರೆದಳು.