ಹಸ್ತಪ್ರತಿ ತಿದ್ದುವ ಕಸುಬು

"ಉಪಾಧ್ಯಾಯಿನಿಯ ಕೆಲಸ ದೊರೆಯದವಳು ಮಾಡುವುದೇನು?" ಎಂದು ಗಾಂಧಿನಗರದ ನಮ್ಮ ಮನೆಗೆ ಬರುವ ಹಳೆಯ ವಿದ್ಯಾರ್ಥಿನಿಯರು ಕೇಳುವುದುಂಟು. ಪರರ ಹಸ್ತಪ್ರತಿಗಳನ್ನು ಪರಿಶೋಧಿಸಿ ಅಚ್ಚಿಗೆ ಅಣಿಗೊಳಿಸುವುದು, ಯಾರ ನೌಕರಿಯಲ್ಲಿಯೂ ಇರದೆ ಮನೆಯಲ್ಲಿಯೇ ನಡೆಸಬಹುದಾದ ಗೌರವದ ಕಸುಬು. ಬಾಲವಿಧವೆಯಾಗಿದ್ದ ನಂಜನಗೂಡಿನ ತಿರುಮಲಾಂಬಾ ಅವರು 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ, ಲೇಖಕಿಯೂ ಪ್ರಕಾಶಕಿಯೂ ಸಂಪಾದಕಿಯೂ ಆದರೆಂಬುದನ್ನು ನೆನೆದರೆ ಧೈರ್ಯವುಂಟಾಗುತ್ತದೆ.

ಆದರೆ ವ್ಯಾಕರಣಜ್ಞಾನವೊಂದೇ ಸಾಲದು. ಹೊರ ಜಿಲ್ಲೆಯಿಂದ ಬಂದ ಹೊಸದರಲ್ಲಿ ನಾವು, ಶಾಲೆಯ ಸಂಚಿಕೆಗಾಗಿ ಬಾಲಕಿಯೊಬ್ಬಳು "ಮುಂಜಾನೆ ಒಗ್ಗರಣಿ ತಿಂದೆವು" ಎಂದು ಬರೆದುದನ್ನು ತಪ್ಪೆಂದೆಣಿಸಿ, "ಒಗ್ಗರಣೆಯ ಅನ್ನ" ಎಂದು ತಿದ್ದಿ ಅಚ್ಚಿಗೆ ಕಳುಹಿಸಿಬಿಟ್ಟೆವು. "ಅಮ್ಮಾ, ನಮ್ಮೂರಾಗ ಒಗ್ಗರಣಿ ಅಂದ್ರ ಮಂಡಾಳಿಂದು ರೀ, ಮನ್ಯಾಗ ಓದಿ ಎಲ್ಲಾರೂ ನಕ್ಕರು" ಎಂದು ಅವಳು ಕಣ್ಣೀರು ತಂದಳು. ಅಂದಿನಿಂದ ಸಂದೇಹವನ್ನು ಅಂಚಿನಲ್ಲಿ ಸೀಸದ ಕಡ್ಡಿಯಿಂದ ಗುರುತಿಸುವೆವು. ಬರೆದವರನ್ನು ಕೇಳದೆ ಒಂದು ಪದವನ್ನೂ ಬದಲಿಸೆವು.

ಈ ಕಸುಬಿಗೆ ಹೊರಡುವವಳು ಮೊದಲು ಒಂದು ಅಧ್ಯಾಯವನ್ನು ತಿದ್ದಿ ತೋರಿಸಲಿ. ಪುಟಕ್ಕಿಷ್ಟೆಂಬ ಸಂಭಾವನೆಯನ್ನೂ ಅವಧಿಯನ್ನೂ ಬರಹದಲ್ಲಿ ಗೊತ್ತುಮಾಡಿಕೊಳ್ಳಲಿ. ಒಂದಂಶವನ್ನು ಮುಂಗಡವಾಗಿ ಕೇಳಲು ನಾಚದಿರಲಿ. ತಾಯಿತಂದೆಗಳೂ ಇದನ್ನು ಬಿಡುವಿನ ವೇಳೆಯ ವಿನೋದವೆಂದೆಣಿಸದೆ, ಮಗಳಿಗೆ ಒಂದು ಮೇಜನ್ನೂ ದಿನಕ್ಕೆರಡು ಗಂಟೆಗಳ ನಿಶ್ಶಬ್ದವನ್ನೂ ಒದಗಿಸಿಕೊಡಲಿ. ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.